ಹಬೆಕೋಣೆಯ ಬಾಡಿಗೆಯವರು

ಲಾಂಡ್ರಿಯಲ್ಲಿ ಆರು ವರ್ಷ ದುಡಿದವರಿಗೆ ತೇವ ಅಂದರೆ ಆಗಿಬರುವುದಿಲ್ಲ. ಮಡಿಸಿಟ್ಟ ಚಾದರದ ಒಂದು ಮೂಲೆಯಲ್ಲಿ ಅಂಗೈ ಅಗಲದಷ್ಟು ಹಸಿ ಉಳಿದಿದ್ದರೂ ಸಾಕು, ಮೂರನೇ ದಿನಕ್ಕೆ ಇಡೀ ಗಂಟೇ ಮುಗ್ಗಲು ವಾಸನೆ ಹೊಡೆಯುತ್ತದೆ. ಆಮೇಲೆ ಗಿರಾಕಿಯ ಬಾಯಿ, ಅದರ ಬೆನ್ನಿಗೆ ಮೇಲ್ವಿಚಾರಕಿಯ ಬಾಯಿ. ಹಾಗಾಗಿ ಚಿಕ್ಕಿಯ ಕೈ ಏನನ್ನೇ ಮುಟ್ಟಲಿ, ಮೊದಲು ನೋಡುತ್ತಿದ್ದದ್ದು ಒಂದೇ: ಒಣಗಿದೆಯಾ ಅಂತ. ಮನೆಯಲ್ಲೂ ಅಷ್ಟೆ. ಒರೆಸುವ ಬಟ್ಟೆ, ತಲೆದಿಂಬು, ಅಕ್ಕನ ಮಗಳ ಶೂ, ಎಲ್ಲವನ್ನೂ ಬಿಸಿಲು ಬಿದ್ದ ಕಡೆ ಹರವಿದ ಮೇಲೆಯೇ ಅವಳು ಕೂರುತ್ತಿದ್ದಳು.

ಶಂಖದ ಏಡಿಯನ್ನು ಅವಳು ಸಾವಿನ ಬಾಗಿಲವರೆಗೆ ಕಳಿಸಿದ್ದೂ ಈ ಒಪ್ಪ ಓರಣದಿಂದಲೇ.

ಏಡಿ ಅಕ್ಕನ ಮಗಳದು. ನಿಂಬೆಹಣ್ಣಿನ ಗಾತ್ರದ ಶಂಖ, ಅದರ ಮೇಲೆ ಯಾವುದೋ ಕಾರ್ಖಾನೆಯಲ್ಲಿ ಬಳಿದ ಕೆಂಪು ಬಣ್ಣ, ಕೆಂಪಿನ ಮೇಲೊಂದು ಹಳದಿ ನಕ್ಷತ್ರ. ಮನಸ್ಸು ಬಂದಾಗ ಒಳಗಿಂದ ನೇರಳೆ ಬಣ್ಣದ ಇಕ್ಕಳದಂಥ ಕಾಲೊಂದು ಹೊರಬರುತ್ತಿತ್ತು, ಅದರ ಹಿಂದೆ ಕಡ್ಡಿಯಂಥ ಕಾಲುಗಳು, ಕಡೆಗೆ ಸಾಸಿವೆ ಕಾಳಿನಂಥ ಎರಡು ಕಣ್ಣು. ಬೇರೆ ಯಾವುದೋ ಜೀವ ಬಿಟ್ಟುಹೋದ ಚಿಪ್ಪಿನಲ್ಲಿ ಅದು ವಾಸ ಮಾಡುತ್ತದೆ ಎಂದು ಗೊತ್ತಾದ ದಿನವೇ ಒಂಬತ್ತು ವರ್ಷದ ಹುಡುಗಿ ಅದಕ್ಕೆ ‘ಬಾಡಿಗೆಯವರು’ ಎಂದು ಹೆಸರಿಟ್ಟಿದ್ದಳು. ಯಾರಾದರೂ ‘ಅದು’ ಅಂದರೆ ಸಿಟ್ಟು. “ಬಾಡಿಗೆಯವರು ಎದ್ರಾ?”, “ಬಾಡಿಗೆಯವರು ತಿಂದ್ರಾ?” ಎಂದೇ ಕೇಳಬೇಕು.

ಬೇಸಿಗೆ ರಜೆ ಶುರುವಾದ ಬೆಳಿಗ್ಗೆ ಹುಡುಗಿಯ ಅಪ್ಪ ಬಾಗಿಲಲ್ಲಿ ಬಂದು ನಿಂತ. ಅಕ್ಕ ಮತ್ತು ಅವನು ಬೇರೆ ಬೇರೆ ಮನೆ ಮಾಡಿ ಮೂರು ವರ್ಷವಾಗಿತ್ತು. ಶಾಲೆಯ ದಿನಗಳು ಅಮ್ಮನಿಗೆ, ಬೇಸಿಗೆ ರಜೆ ಅಪ್ಪನಿಗೆ ಎಂದು ಮಾತಾಗಿತ್ತು. ಹುಡುಗಿ ಬ್ಯಾಗು ಬೆನ್ನಿಗೇರಿಸಿಕೊಂಡು, ಗಾಜಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಡುಗೆಮನೆಗೆ ಬಂದಳು.

“ಅಮ್ಮಂಗೆ ಕೊಡಲ್ಲ. ಅಮ್ಮ ಮರೀತಾಳೆ. ನೀನು ನೋಡ್ಕೋ ಚಿಕ್ಕಿ.”

“ಕೇಳಿಸ್ತು ಕಣೇ,” ಎಂದು ಅಕ್ಕ ಒಳಗಿಂದ ಕೂಗಿದಳು.

“ಕೇಳಿಸಲಿ ಅಂತಾನೇ ಹೇಳಿದ್ದು. ಚಿಕ್ಕಿ, ದಿನಾ ಬೆಳಿಗ್ಗೆ ಮಳೆ ಬರಿಸ್ಬೇಕು. ಆಯ್ತಾ?”

“ಆಯ್ತು.”

“ಏನು ಆಯ್ತು? ಹೇಳು ನೋಡೋಣ.”

“ದಿನಾ ಮಳೆ,” ಎಂದಳು ಚಿಕ್ಕಿ.

ಈ ಹುಡುಗಿ ಹುಟ್ಟಿದಾಗ ಚಿಕ್ಕಿಗೆ ಹದಿನಾಲ್ಕು. ಅಕ್ಕ ಬೇಕರಿಯ ಕೆಲಸಕ್ಕೆ ವಾಪಸ್ ಹೋಗಬೇಕಿತ್ತು, ಕೂಸನ್ನು ಎತ್ತಿಕೊಳ್ಳಲು ಒಂದು ಜೊತೆ ಕೈ ಬೇಕಿತ್ತು. ಚಿಕ್ಕಿ ಶಾಲೆ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಹುಡುಗಿಗೆ ಜ್ವರ ಬಂದದ್ದು ಯಾವ ವಾರ, ಹಲ್ಲು ಬಿದ್ದದ್ದು ಯಾವ ತಿಂಗಳು, ಯಾವ ಶೂ ಕಚ್ಚುತ್ತದೆ, ಎಲ್ಲ ಅವಳ ತಲೆಯಲ್ಲಿತ್ತು. ಮಾತು ಕಡಿಮೆ, ಕಣ್ಣು ಚುರುಕು. ಬೀದಿಯವರಿಗೂ ಅವಳು ಚಿಕ್ಕಿಯೇ. ‘ನೀನು ಮರೆಯಲ್ಲ’ ಎನ್ನುವುದು ಅವಳಿಗೆ ಸಿಕ್ಕಿದ್ದ ಒಂದೇ ಒಂದು ಬಿರುದು.

ಅವಳು ಮರೆಯಲಿಲ್ಲ, ನಿಜ. ಆದರೆ ಮಳೆಯನ್ನು ಅವಳು ಆಟ ಎಂದುಕೊಂಡಿದ್ದಳು. ಹುಡುಗಿ ದಿನಾ ಬೆಳಿಗ್ಗೆ ನೀರು ಚಿಮುಕಿಸುವ ಹಳೇ ಬಾಟಲಿ ಹಿಡಿದು, ಬಾಯಲ್ಲೇ ಗುಡುಗು ಗುಡುಗಿಸುತ್ತ ಪೆಟ್ಟಿಗೆಯೊಳಗೆ ಹನಿ ಉದುರಿಸುವುದನ್ನು ನೋಡಿ ಮಕ್ಕಳ ಚೇಷ್ಟೆ ಎಂದು ನಕ್ಕು ಸುಮ್ಮನಾಗಿದ್ದಳು. ಹುಡುಗಿ ಹೋದ ಎರಡನೇ ದಿನ ಪೆಟ್ಟಿಗೆಯ ಮರಳನ್ನು ಬೆರಳಲ್ಲಿ ಕೆದಕಿದರೆ ಒಳಗೆಲ್ಲ ಒದ್ದೆ. ಮೂಗಿನ ಹತ್ತಿರ ತಂದರೆ ಹಸಿ ವಾಸನೆ. ಅಯ್ಯೋ ಪಾಪ, ಇಂಥ ಜೌಗಿನಲ್ಲಿ ಮಲಗುತ್ತದಲ್ಲ ಎಂದುಕೊಂಡು ಮರಳನ್ನೆಲ್ಲ ಹಳೇ ಚಾದರದ ಮೇಲೆ ಹರಡಿ ಬಿಸಿಲಿಗಿಟ್ಟಳು. ಪೆಟ್ಟಿಗೆಯನ್ನು ತೊಳೆದು ಒರೆಸಿದಳು. ಮರಳು ಗರಿಗರಿಯಾದ ಮೇಲೆ ವಾಪಸ್ ತುಂಬಿ, ಏಡಿಯನ್ನು ಅದರ ಮೇಲಿಟ್ಟಳು. ಕುಡಿಯಲೆಂದು ಒಂದು ಬಟ್ಟಲು ನಲ್ಲಿ ನೀರು, ತಿನ್ನಲು ಸೇಬಿನ ಚೂರು. ಎರಡು ದಿನಕ್ಕೊಮ್ಮೆ ಮರಳು ಬಿಸಿಲಿಗೆ. ಕೆಲಸದಿಂದ ಬಂದು ಕಾಲು ಚಾಚುವ ಮೊದಲು ಇದೊಂದು ಕೆಲಸ. ಹೊರಗೆ ಬೇಸಿಗೆ ಎಷ್ಟು ಒಣಗಿತ್ತೆಂದರೆ ಬಾಗಿಲ ಮರ ಟಪಟಪ ಬಿರಿಯುತ್ತಿತ್ತು. ಚಿಕ್ಕಿಗೆ ಒಳಗೊಳಗೇ ಹೆಮ್ಮೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡುತ್ತಾಳೆ, ಬಾಡಿಗೆಯವರು ಅರ್ಧ ಹೊರಗೆ ಜೋತುಬಿದ್ದಿದ್ದಾರೆ. ಸೇಬು ಮುಟ್ಟಿಲ್ಲ. ಮುಟ್ಟಿದರೆ ಸರಕ್ಕನೆ ಒಳಗೆ ಸೇರಿಕೊಳ್ಳಬೇಕಾದ ಕಾಲುಗಳು, ತೊಳೆದು ಹಿಂಡದೆ ನೇತುಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದವು. ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯದು.

“ಅಕ್ಕಾ.”

ಅಕ್ಕ ಬೇಕರಿಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ಬಗ್ಗಿ ನೋಡಿದಳು.

“ಹೋಯ್ತು ಬಿಡು.”

“ಹೋಗಿಲ್ಲ. ಈಗ ಒಂದು ಕಾಲು ಅಲ್ಲಾಡ್ತು.”

“ಹೋಗ್ತಾ ಇದೆ ಹಾಗಾದ್ರೆ. ಅದಕ್ಯಾಕೆ ಮುಖ ಹೀಗೆ ಮಾಡ್ಕೊಂಡಿದೀಯ? ಇನ್ನೊಂದು ತಂದಿಟ್ರಾಯ್ತು. ಅವಳು ಗುರುತು ಹಿಡಿಯೋದು ಆ ನಕ್ಷತ್ರ ನೋಡಿ ತಾನೇ? ಹೊಸದನ್ನ ಆ ಶಂಖದೊಳಗೆ ತೂರಿಸಿದ್ರೆ ಮುಗೀತು.”

ಅಕ್ಕನಿಗೆ ಕಣ್ಣು ತೆರೆದಿಡುವುದೇ ಕಷ್ಟವಾಗಿತ್ತು. ಕೂತಲ್ಲೇ ಗೋಡೆಗೊರಗಿ ನಿದ್ದೆಹೋದಳು. ಚಿಕ್ಕಿ ಸೊಂಟಕ್ಕೆ ಕಟ್ಟಿದ್ದ ಒರೆಸುವ ಬಟ್ಟೆ ಬಿಚ್ಚಿ, ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಲಾಂಡ್ರಿಯ ದಾರಿಯಲ್ಲೇ ಮೀನಿನ ತೊಟ್ಟಿಗಳನ್ನು ಮಾರುವ ಅಂಗಡಿಯೊಂದಿತ್ತು. ಏಡಿ ಬಂದದ್ದೂ ಅಲ್ಲಿಂದಲೇ. ಗೊತ್ತಿಲ್ಲದವರ ಜೊತೆ ಮಾತಾಡುವುದೆಂದರೆ ಚಿಕ್ಕಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅಂಗಡಿಯ ಮುಂದೆ ಒಂದು ಸಲ ಆಚೆ ಹೋದಳು, ಒಂದು ಸಲ ಈಚೆ ಬಂದಳು. ಮೂರನೇ ಸಲಕ್ಕೆ ಒಳಗಿದ್ದ ದಪ್ಪ ಕನ್ನಡಕದ ಹೆಂಗಸೇ ಕೂಗಿದಳು.

“ಬಾಮ್ಮಾ ಒಳಗೆ. ಮೀನುಗಳೇನೂ ಕಚ್ಚಲ್ಲ. ನಾನು ಕಚ್ಚೋದೂ ಅಪರೂಪ.”

ಚಿಕ್ಕಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಹೆಂಗಸು ಮರಳಿಗೆ ಕೈ ಹಾಕಿ, ಬೆರಳ ಸಂದಿಯಿಂದ ಸುರಿಸಿ ನೋಡಿದಳು.

“ಇದೇನಿದು, ಮರಳು ಹುರಿದು ಹಾಕಿದೀಯಾ?”

“ಒಣಗಿಸಿದೆ.”

“ಯಾಕೆ?”

“ಒದ್ದೆ ಇತ್ತು.”

ಹೆಂಗಸು ಕನ್ನಡಕ ಮೇಲೆತ್ತಿ ಅವಳನ್ನೇ ನೋಡಿದಳು. “ಎಲ್ಲಿ ಕೆಲಸ ನಿಂದು?”

“ಲಾಂಡ್ರಿ.”

“ಅದಕ್ಕೇ! ಅಲ್ವೇ, ಮೀನಿಗಿರೋ ಥರ ಕಿವಿರು ಇದೆ ಇದಕ್ಕೆ. ಗಾಳಿಯಲ್ಲಿ ಹಸಿ ಇದ್ರೇ ಉಸಿರು. ಎರಡು ವಾರದಿಂದ ಈ ಬಡಪಾಯಿಯ ಕತ್ತು ಹಿಸುಕ್ತಾ ಇದೀಯ, ಅದೂ ಪ್ರೀತಿಯಿಂದ.”

ದಿನಾ ಮಳೆ ಬರಿಸು ಎಂದಿದ್ದಳು ಹುಡುಗಿ. ದಿನಕ್ಕೆ ನಾನೂರು ಚಾದರಕ್ಕೆ ನೀರು ಚಿಮುಕಿಸುವ ಕೈ ಇದು. ನಿಂಬೆಹಣ್ಣಿನಷ್ಟು ಜೀವಕ್ಕೆ ನಾಲ್ಕು ಹನಿ ಉದುರಿಸಲಿಲ್ಲ.

“ಬದುಕತ್ತಾ?”

“ಗೊತ್ತಿಲ್ಲ. ಸುಳ್ಳು ಯಾಕೆ ಹೇಳಲಿ? ನೀನು ಮಾಡೋದು ಮಾಡು. ಮರಳು ಹಸಿ ಇರಬೇಕು, ಮುಷ್ಟಿ ಕಟ್ಟಿದ್ರೆ ಉಂಡೆ ನಿಲ್ಲೋ ಅಷ್ಟು, ನೀರು ಸೋರಬಾರದು. ಅದು ಪೂರ್ತಿ ಮುಳುಗೋ ಅಷ್ಟು ಆಳ ಬೇಕು, ಇನ್ನೂ ಮರಳು ಕೊಡ್ತೀನಿ. ನಲ್ಲಿ ನೀರು ಹಾಗೇ ಹಾಕಬೇಡ, ಅದರಲ್ಲಿ ಕ್ರಿಮಿ ಕೊಲ್ಲೋ ಔಷಧಿ ಇರತ್ತೆ, ಈ ಸೀಸೆಯ ಹನಿ ಬೆರೆಸು. ಒಂದು ಬಟ್ಟಲು ಸಿಹಿನೀರು, ಒಂದು ಬಟ್ಟಲು ಉಪ್ಪುನೀರು. ಅಡುಗೆ ಉಪ್ಪಲ್ಲ, ಈ ಪೊಟ್ಟಣದ್ದು. ಮೇಲೆ ಮುಚ್ಚಳ. ಬೆಚ್ಚಗಿನ ಜಾಗ, ಕತ್ತಲೆ. ಆಮೇಲೆ ಬಹಳ ಮುಖ್ಯವಾದ್ದು.”

“ಏನು?”

“ಕೈ ಕಟ್ಟಿ ಕೂತ್ಕೋ. ಮುಟ್ಟಬೇಡ, ಎತ್ತಬೇಡ, ಅಲ್ಲಾಡಿಸಬೇಡ. ಒಂದು ವೇಳೆ ಮರಳೊಳಗೆ ಹೋದ್ರೆ ಅಗೆದು ನೋಡಲೇಬೇಡ. ಮೈಮೇಲಿನ ಸಿಪ್ಪೆ ಕಳಚಿ ಹೊಸದು ಬರಿಸ್ಕೊಳ್ಳೋಕೆ ಹೋಗಿರತ್ತೆ. ಒಂದು ತಿಂಗಳಾಗಬಹುದು, ಎರಡಾಗಬಹುದು. ಆಗ ಅಗೆದ್ರೆ ನೀನೇ ಕೊಂದ ಹಾಗೆ.”

“ಸತ್ತಿದ್ರೆ ಹೇಗೆ ಗೊತ್ತಾಗತ್ತೆ?”

“ನಾರತ್ತೆ. ಕೊಳೆತ ಮೀನಿನ ವಾಸನೆ, ಮುಚ್ಚಿಟ್ರೂ ಮುಚ್ಚಿಡೋಕಾಗಲ್ಲ. ಮೂಗು ಸರಿ ಇದೆ ತಾನೇ?”

ಲಾಂಡ್ರಿಯವರ ಮೂಗು, ಸರಿ ಇಲ್ಲದೆ ಏನು. ಚಿಕ್ಕಿ ತಲೆಯಾಡಿಸಿದಳು. ಹೊರಡುವಾಗ ಹೆಂಗಸು ಬಣ್ಣವಿಲ್ಲದ ಮೂರು ಖಾಲಿ ಶಂಖಗಳನ್ನು ಚೀಲಕ್ಕೆ ಹಾಕಿದಳು. “ಆ ಕೆಂಪು ಬಣ್ಣ ಒಳ್ಳೇದಲ್ಲ. ಇವನ್ನ ಪಕ್ಕದಲ್ಲಿಟ್ಟಿರು. ಬೇಕಾದ್ರೆ ತಾನೇ ಮನೆ ಬದಲಾಯಿಸತ್ತೆ. ಬಲವಂತ ಬೇಡ.”

ಮನೆಯಲ್ಲಿ ಹಗಲೆಲ್ಲ ಅಕ್ಕ ನಿದ್ದೆಯಲ್ಲಿರುತ್ತಾಳೆ. ಗಾಳಿಯೋ, ಒಲೆಯ ಬೂದಿಯಷ್ಟು ಒಣ. ಬೆಚ್ಚಗೆ, ಹಸಿಯಾಗಿ, ದಿನವಿಡೀ ಚಿಕ್ಕಿಯ ಕಣ್ಣೆದುರು ಇರುವ ಜಾಗ ಈ ಊರಲ್ಲೆಲ್ಲ ಒಂದೇ ಇತ್ತು: ಲಾಂಡ್ರಿಯ ಹಬೆಕೋಣೆ.

ಅಲ್ಲಿ ಆರು ಇಸ್ತ್ರಿ ಮೇಜು, ಪ್ರತಿ ಮೇಜಿಗೂ ಬಾಯ್ಲರಿನಿಂದ ಬರುವ ಹಬೆಯ ಕೊಳವೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಯಾರೋ ಒದ್ದೆ ಕಂಬಳಿ ಹೊದಿಸಿದ ಹಾಗೆ. ಗೋಡೆ ಬೆವರುತ್ತದೆ, ಸೂರು ಬೆವರುತ್ತದೆ, ಹೆಂಗಸರಂತೂ ಬೆಳಿಗ್ಗೆ ಒಂಬತ್ತಕ್ಕೇ ತೊಪ್ಪೆ. ಚಿಕ್ಕಿ ಆ ಕೋಣೆಯನ್ನು ಆರು ವರ್ಷ ಶಪಿಸಿದ್ದಳು. ಅಂದು ಮೊದಲ ಸಲ ಅದರ ಗಾಳಿಯನ್ನು ಪೆಟ್ಟಿಗೆಯ ಪರವಾಗಿ ಉಸಿರೆಳೆದು ನೋಡಿದಳು.

ಬಾಯ್ಲರ್ ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಬಾಯ್ಲರಪ್ಪ ಎನ್ನುತ್ತಿದ್ದರು. ಬಾಯ್ಲರಿನಂತೆಯೇ ಸದಾ ಬುಸುಗುಡುವವನು.

“ಏನಮ್ಮಾ ಅದು, ಊಟದ ಡಬ್ಬಿನಾ?”

“ಏಡಿ.”

“ಬೇಯಿಸೋಕಾ?”

“ಬದುಕಿಸೋಕೆ.”

ಅವನು ಬುಸುಗುಟ್ಟುವುದನ್ನು ನಿಲ್ಲಿಸಿ ಪೆಟ್ಟಿಗೆಯೊಳಗೆ ಇಣುಕಿದ. ಚಿಕ್ಕಿ ಬಾಯ್ಲರಿನ ಗೋಡೆಯ ಹತ್ತಿರ ಜಾಗ ನೋಡುತ್ತಿದ್ದಳು. “ಅಲ್ಲಿ ಬೇಡ, ಸಾರಾಗಿಬಿಡತ್ತೆ. ಆ ಕಡೆ ಬಾಗಿಲ ಹತ್ರಾನೂ ಬೇಡ, ಬ್ಲೀಚಿನ ಗಾಳಿ ಬರತ್ತೆ, ನನಗೇ ಕೆಮ್ಮು. ಮೂರನೇ ಮೇಜಿನ ಹಿಂದೆ ಹಲಗೆ ಇದೆಯಲ್ಲ, ಅಲ್ಲಿ ಕೈಯಿಟ್ಟು ನೋಡು.”

ಇಸ್ತ್ರಿ ಎಷ್ಟು ಕಾದಿದೆ ಎಂದು ಬೆರಳ ತುದಿಯಲ್ಲೇ ಹೇಳುವವಳು ಚಿಕ್ಕಿ. ಹಲಗೆಯ ಮೇಲೆ ಅಂಗೈ ಇಟ್ಟಳು. ಮಲಗಿದ ಮಗುವಿನ ಬೆನ್ನಿನಷ್ಟು ಬೆಚ್ಚಗಿತ್ತು. ಪೆಟ್ಟಿಗೆಯನ್ನು ಅಲ್ಲಿಟ್ಟು, ಹಸಿ ಮರಳು ತುಂಬಿ, ಎರಡು ಬಟ್ಟಲು ನೀರಿಟ್ಟು, ಮೂರು ಶಂಖಗಳನ್ನು ಒಂದು ಮೂಲೆಯಲ್ಲಿ ಸಾಲಾಗಿ ಜೋಡಿಸಿ, ಏಡಿಯನ್ನು ಮೆಲ್ಲನೆ ಮರಳ ಮೇಲೆ ಬಿಟ್ಟು, ಮುಚ್ಚಳದ ಮೇಲೆ ಟವೆಲ್ ಹೊದಿಸಿದಳು.

ಕಷ್ಟ ಇದ್ದದ್ದು ಚೀಟಿಯಮ್ಮನ ಹತ್ತಿರ. ಚೀಟಿಯಮ್ಮ ಅಂದರೆ ಮೇಲ್ವಿಚಾರಕಿ. ಯಾವ ವಸ್ತು ಒಳಗೆ ಬಂದರೂ ಅದಕ್ಕೊಂದು ಚೀಟಿ ಹೊಲಿದಿರಬೇಕು. ಗಿರಾಕಿ ಯಾರು, ಏನು ಮಾಡಬಾರದು, ಯಾವತ್ತು ವಾಪಸ್ ಕೊಡಬೇಕು. ಚೀಟಿ ಇಲ್ಲದ್ದು ಏನೇ ಇರಲಿ, ಸಂಜೆಯೊಳಗೆ ಬೀದಿಗೆ. ಒಮ್ಮೆ ಒಬ್ಬಳು ತನ್ನದೇ ಕೊಡೆ ಹೀಗೆ ಕಳೆದುಕೊಂಡಿದ್ದಳು. ಹೋಗಿ ಕೇಳೋಣವೆಂದು ಚಿಕ್ಕಿ ಎರಡು ಸಲ ಮೇಜಿನವರೆಗೆ ಹೋಗಿ ಬಂದಳು. ಬಾಯಿ ಬರಲಿಲ್ಲ. ಕಡೆಗೆ ಒಂದು ಚೀಟಿ ತೆಗೆದುಕೊಂಡು, ಅಕ್ಷರಗಳನ್ನು ಒಂದೊಂದಾಗಿ ಕೂರಿಸುತ್ತ ಬರೆದು, ಟವೆಲಿಗೆ ಹೊಲಿದಳು.

ಮಧ್ಯಾಹ್ನ ಚೀಟಿಯಮ್ಮ ಬಂದು ಹಲಗೆಯ ಮುಂದೆ ನಿಂತಳು. ಚೀಟಿಯಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು, ಎಲ್ಲರಿಗೂ ಕೇಳುವಂತೆ ಓದಿದಳು.

“ಗಿರಾಕಿ: ಅಕ್ಕನ ಮಗಳು. ವಸ್ತು: ಬಾಡಿಗೆಯವರು, ಒಬ್ಬರು. ಒಣಗಿಸಬಾರದು. ಹಿಂಡಬಾರದು. ಮುಟ್ಟಬಾರದು.” ಟವೆಲ್ ಎತ್ತಿ ನೋಡಿದಳು. ಮತ್ತೆ ಮುಚ್ಚಿದಳು.

“ವಾಪಸ್ ಕೊಡೋ ತಾರೀಖು ಹಾಕಿಲ್ಲ,” ಎಂದಳು ಚೀಟಿಯಮ್ಮ. “ತಾರೀಖು ಇಲ್ಲದ ಚೀಟಿ ಚೀಟಿಯೇ ಅಲ್ಲ.”

ಚಿಕ್ಕಿ ಹುಡುಗಿ ವಾಪಸ್ ಬರುವ ತಾರೀಖು ಬರೆದಳು. ಚೀಟಿಯಮ್ಮ ಮುಂದಿನ ಮೇಜಿಗೆ ಹೋದಳು. ಬಾಯ್ಲರಪ್ಪ ಬಾಗಿಲ ಸಂದಿಯಿಂದ ಒಂದು ಸಲ ಬುಸ್ಸೆಂದ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಬೆಳಿಗ್ಗೆ ಮಳೆ, ಮಧ್ಯಾಹ್ನ ಮಳೆ, ಬಾಗಿಲು ಹಾಕುವ ಮೊದಲೊಂದು ಮಳೆ. ನಾನೂರು ಚಾದರಗಳ ನಡುವೆ ಅವಳು ನಾಲ್ಕು ಸಲ ಟವೆಲಿನ ಅಂಚು ಎತ್ತಿ ಇಣುಕುತ್ತಿದ್ದಳು. ಮೂರನೇ ದಿನ ನೇತಾಡುತ್ತಿದ್ದ ಕಾಲುಗಳು ಒಳಗೆ ಸೇರಿದ್ದವು. ನೇರಳೆ ಇಕ್ಕಳ ಶಂಖದ ಬಾಯಿಗೆ ಬಾಗಿಲಿನ ಹಾಗೆ ಅಡ್ಡ ನಿಂತಿತ್ತು. ನಾಲ್ಕನೇ ದಿನ ಬಾಡಿಗೆಯವರು ಉಪ್ಪುನೀರಿನ ಬಟ್ಟಲಿನಲ್ಲಿ ಕೂತಿದ್ದರು. ಐದನೇ ದಿನ ಪೆಟ್ಟಿಗೆಯಲ್ಲಿ ಮರಳು ಬಿಟ್ಟರೆ ಯಾರೂ ಇರಲಿಲ್ಲ. ಒಂದು ಮೂಲೆಯಲ್ಲಿ ಇಲಿ ಬಿಲದಂಥ ಗುಳಿ, ಅದೂ ಸಂಜೆಯೊಳಗೆ ಕುಸಿದು ಮುಚ್ಚಿಹೋಯಿತು.

ಆಮೇಲೆ ಶುರುವಾದದ್ದು ಕಾಯುವುದು. ಕಾಯಿಲೆಯವರನ್ನು ನೋಡಿಕೊಳ್ಳುವುದಾದರೆ ಹಣೆ ಮುಟ್ಟಿ ನೋಡಬಹುದು, ಗಂಟಲಿಗೆ ಎರಡು ಗುಟುಕು ಹಾಕಬಹುದು. ಇಲ್ಲಿ ಮರಳನ್ನು ನೋಡುವುದು, ಮರಳಿಗೆ ಮಳೆ ಬರಿಸುವುದು. ವಾರದ ರಜೆಯ ದಿನವೂ ಅವಳು ಬಂದಳು. ಬಾಯ್ಲರಪ್ಪ ಗೊಣಗುತ್ತಲೇ ಬಾಗಿಲು ತೆಗೆದ. ಹೋಗುತ್ತ ಇಪ್ಪತ್ತು ನಿಮಿಷ, ಬರುತ್ತ ಇಪ್ಪತ್ತು ನಿಮಿಷ, ನಾಲ್ಕು ಹನಿ ಉದುರಿಸಲು. ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಒಂದು ಸಂಜೆ ಚಾದರ ಮಡಿಸುತ್ತ ಮಡಿಸುತ್ತ ನಿಂತಲ್ಲೇ ಕಣ್ಣು ಮುಚ್ಚಿತು. ಹಣೆ ಚಾದರಕ್ಕೆ ತಾಗಿದಾಗ ಎಚ್ಚರವಾಯಿತು. ಮರಳಿನ ಕೆಳಗೆ ಕತ್ತಲಲ್ಲಿ ಯಾರೂ ಮುಟ್ಟದ, ಯಾರೂ ಕರೆಯದ ಒಂದು ತಿಂಗಳು ಸಿಗುತ್ತದಲ್ಲ ಎಂದುಕೊಂಡಾಗ ಅವಳಿಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

ದಿನಕ್ಕೊಮ್ಮೆ ಮುಚ್ಚಳ ಸರಿಸಿ ಮೂಗು ಇಡುತ್ತಿದ್ದಳು. ಹಸಿ ಮರಳು, ಸ್ವಲ್ಪ ಉಪ್ಪು. ಅಷ್ಟೆ. ಆದರೆ ಹಬೆ, ಸಾಬೂನು, ಕಾದ ಹತ್ತಿಯ ವಾಸನೆಗಳ ನಡುವೆ ತನ್ನ ಮೂಗನ್ನೇ ನಂಬಲಾಗದೆ ಬಾಯ್ಲರಪ್ಪನನ್ನೂ ಕರೆದು ಮೂಸಿಸುತ್ತಿದ್ದಳು.

“ನನ್ನ ಮೂಗು ಹೋಗಿ ಇಪ್ಪತ್ತು ವರ್ಷ ಆಯ್ತಮ್ಮಾ,” ಎನ್ನುತ್ತಿದ್ದ ಅವನು. “ಆದ್ರೂ ಮೂಸ್ತೀನಿ ಬಿಡು, ನಿನ್ನ ಸಮಾಧಾನಕ್ಕೆ.”

ಹುಡುಗಿ ಬರಲು ನಾಲ್ಕು ದಿನ ಉಳಿದಾಗ ಅಕ್ಕ ಕೇಳಿದಳು: “ಮೇಲೆ ಬಂತಾ?”

“ಇಲ್ಲ.”

“ಅಗೆದು ನೋಡೇ. ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ. ಇಲ್ಲಾಂದ್ರೆ ನಾನೇ ಹೋಗಿ ಹೊಸದು ತರ್ತೀನಿ. ಒಂದು ತಿಂಗಳಿಂದ ನಿನ್ನ ಮುಖ ನೋಡೋಕಾಗ್ತಿಲ್ಲ, ಗಂಜಿ ಹೋದ ಬಟ್ಟೆ ಥರ ಆಗಿದೀಯ.”

“ಅಗೆದ್ರೆ ಸಾಯತ್ತೆ.”

“ಅವಳು ಕೇಳಿದ್ರೆ ಏನು ಹೇಳ್ತೀಯ?”

“ನಾನೇ ಒಣಗಿಸಿದೆ ಅಂತ ಹೇಳ್ತೀನಿ.”

“ಒಂದು ಸುಳ್ಳು ಹೇಳೋಕೂ ಬರಲ್ಲ ನಿಂಗೆ,” ಎಂದಳು ಅಕ್ಕ. ಬೈದಂತಿರಲಿಲ್ಲ. ಎದ್ದು ಹೋಗಿ ಬಿಸಿನೀರು ತಂದು, ಚಿಕ್ಕಿಯ ಕಾಲುಗಳನ್ನು ಬಕೆಟ್ಟಿನಲ್ಲಿ ಇಳಿಬಿಟ್ಟಳು.

ಹುಡುಗಿ ಬಂದವಳು ಬ್ಯಾಗು ಕೂಡ ಇಳಿಸದೆ ಕಿಟಕಿಯ ಹತ್ತಿರ ಓಡಿದಳು. ಪೆಟ್ಟಿಗೆ ಇರುತ್ತಿದ್ದ ಜಾಗ ಖಾಲಿ. ಚಿಕ್ಕಿ ಅವಳನ್ನು ಲಾಂಡ್ರಿಗೆ ಕರೆದುಕೊಂಡು ಹೋಗಿ, ಹಲಗೆಯ ಮುಂದೆ ನಿಲ್ಲಿಸಿ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದನ್ನು ಹೇಳಿದಳು. ಮಳೆ ಬರಿಸಲಿಲ್ಲ. ಆಟ ಅಂದುಕೊಂಡೆ. ಮರಳು ಒಣಗಿಸಿದೆ. ಸಾಯುವ ಹಾಗಾದರು. ಇಲ್ಲಿ ತಂದೆ. ಈಗ ಕೆಳಗಿದ್ದಾರೆ. ಬದುಕಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಹುಡುಗಿ ಟವೆಲಿನ ಚೀಟಿ ಓದಿದಳು. ಮರಳು ನೋಡಿದಳು.

“ನಾನು ಹೇಳಿದ್ದೆ,” ಎಂದಳು. “ನಿನ್ನ ಬಾಯಲ್ಲಿ ಹೇಳಿಸಿಯೂ ಇದ್ದೆ. ನೀನು ‘ದಿನಾ ಮಳೆ’ ಅಂದೆ.”

“ಅಂದೆ.”

“ನೀನೂ ಅಮ್ಮನ ಥರಾನೇ.”

ಅಷ್ಟು ಹೇಳಿ, ಚಿಕ್ಕಿಯ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡಳು. ಅವತ್ತಿನಿಂದ ಮಳೆ ಅವಳದೇ. ಬೆಳಿಗ್ಗೆ ಒಮ್ಮೆ, ಶಾಲೆ ಶುರುವಾದ ಮೇಲೆ ಶಾಲೆ ಬಿಟ್ಟ ಕೂಡಲೇ ಇನ್ನೊಮ್ಮೆ. ಗುಡುಗಿನ ಸದ್ದು ಮಾತ್ರ ಮಾಡುತ್ತಿರಲಿಲ್ಲ. ಬಾಯ್ಲರಪ್ಪನ ಜೊತೆ ಮಾತು, ಮೇಜಿನ ಹೆಂಗಸರ ಜೊತೆ ನಗು, ಚೀಟಿಯಮ್ಮನಿಗೂ ಒಂದು ನಮಸ್ಕಾರ. ಚಿಕ್ಕಿ ಎದುರಿಗೆ ಬಂದರೆ ಬಾಯಿಗೆ ಬೀಗ. ಊಟದ ತಟ್ಟೆ ಮುಂದಿಟ್ಟರೆ ತಟ್ಟೆಯನ್ನೇ ನೋಡುತ್ತ ಉಣ್ಣುತ್ತಿದ್ದಳು. ಚಿಕ್ಕಿ ಸಮಜಾಯಿಷಿ ಹೇಳಲು ಹೋಗಲಿಲ್ಲ. ಹೇಳುವುದಕ್ಕೆ ಇದ್ದದ್ದನ್ನೆಲ್ಲ ಹೇಳಿಯಾಗಿತ್ತು, ಉಳಿದದ್ದಕ್ಕೆ ತ್ರಾಣವೂ ಇರಲಿಲ್ಲ.

ಚೀಟಿಯಲ್ಲಿ ಬರೆದ ತಾರೀಖು ದಾಟಿ ಒಂದು ವಾರವಾದಾಗ ಚೀಟಿಯಮ್ಮ ಬಂದಳು.

“ತಾರೀಖು ದಾಟಿದೆ.”

ಚಿಕ್ಕಿ ಇಸ್ತ್ರಿ ನಿಲ್ಲಿಸಿದಳು. ಆರು ವರ್ಷದಲ್ಲಿ ಅವಳು ಚೀಟಿಯಮ್ಮನಿಗೆ ‘ಹೂಂ’, ‘ಆಯ್ತು’ ಬಿಟ್ಟು ಬೇರೆ ಪದ ಆಡಿದ್ದಿಲ್ಲ. “ಕೆಲಸ ಇನ್ನೂ ಮುಗಿದಿಲ್ಲ ಮೇಡಂ,” ಎಂದಳು. “ಮುಗಿಯದೆ ಇರೋದನ್ನ ಗಿರಾಕಿಗೆ ಕೊಡೋ ಹಾಗಿಲ್ಲ. ನೀವೇ ಹೇಳಿರೋದು.”

ಹಬೆಯೊಂದು ಬಿಟ್ಟು ಎಲ್ಲ ನಿಂತಿತು. ಚೀಟಿಯಮ್ಮ ಕಿವಿಯ ಮೇಲಿನ ಪೆನ್ನು ತೆಗೆದು, ಹಳೇ ತಾರೀಖಿಗೆ ಗೀಟು ಎಳೆದು, ಪಕ್ಕದಲ್ಲಿ ಏನನ್ನೋ ಬರೆದು ಹೋದಳು. ಹುಡುಗಿ ಸಂಜೆ ಬಂದು ಓದಿದಳು: ‘ಆದಾಗ.’

ಅದಾಗಿ ಹನ್ನೊಂದನೇ ದಿನ, ಶಾಲೆ ಬಿಟ್ಟ ಹೊತ್ತು. ಚಿಕ್ಕಿ ಆಸ್ಪತ್ರೆಯೊಂದರ ಚಾದರಗಳ ರಾಶಿಯ ಹಿಂದಿದ್ದಳು. ಹುಡುಗಿ ಟವೆಲ್ ಎತ್ತಿದವಳು ಕೂಗಲಿಲ್ಲ; ಉಸಿರು ಎಳೆದುಕೊಂಡ ಸದ್ದೊಂದು ಬಂತು, ಬಿಟ್ಟ ಸದ್ದು ಬರಲಿಲ್ಲ. ಚಿಕ್ಕಿ ಇಸ್ತ್ರಿ ಎತ್ತಿಟ್ಟು ಓಡಿದಳು.

ಮರಳಿನ ಮೇಲೆ ಕೆಂಪು ಶಂಖ ಮಗುಚಿ ಬಿದ್ದಿತ್ತು. ನಕ್ಷತ್ರ ಕೆಳಗೆ, ಬಾಯಿ ಮೇಲೆ. ಒಳಗೆ ಯಾರೂ ಇಲ್ಲ. ಒಳಗಿನ ಬೆಳ್ಳನೆಯ ಗೋಡೆ ಕಾಣುವಷ್ಟು ಖಾಲಿ.

“ಹೋದ್ರು,” ಎಂದಳು ಹುಡುಗಿ. ಎರಡೂವರೆ ವಾರದಲ್ಲಿ ಚಿಕ್ಕಿಯ ಕಡೆ ತಿರುಗಿ ಆಡಿದ ಮೊದಲ ಮಾತು. “ಬಾಡಿಗೆಯವರು ಹೋದ್ರು ಚಿಕ್ಕಿ.”

ಚಿಕ್ಕಿ ಹಲಗೆಯ ಅಂಚು ಹಿಡಿದುಕೊಂಡಳು. ಅಳು ಬರಬೇಕಿತ್ತು, ಬಂದದ್ದು ಆಕಳಿಕೆಯಂಥ ಒಂದು ದೊಡ್ಡ ಉಸಿರು. ಆ ಉಸಿರಿನಲ್ಲೇ ಅವಳ ಮೂಗಿಗೆ ಏನೋ ಹೊಳೆಯಿತು. ಮತ್ತೊಮ್ಮೆ ಎಳೆದಳು. ಹಸಿ ಮರಳು. ಸ್ವಲ್ಪ ಉಪ್ಪು. ಅಷ್ಟೆ.

ಅವಳ ಕಣ್ಣು ಅಭ್ಯಾಸದಂತೆ ಮೂಲೆಯಿಂದ ಮೂಲೆಗೆ ಹೋಯಿತು, ಚಾದರದ ಕಲೆ ಹುಡುಕುವಾಗ ಹೋಗುವ ಹಾಗೆ. ಸಿಹಿನೀರು. ಉಪ್ಪುನೀರು. ಸಾಲಾಗಿ ಇಟ್ಟಿದ್ದ ಶಂಖಗಳು.

“ಎಷ್ಟಿವೆ ಅಲ್ಲಿ?” ಎಂದಳು.

“ಏನು?”

“ಬಣ್ಣ ಇಲ್ಲದ ಶಂಖ. ನಾನು ಮೂರು ಇಟ್ಟಿದ್ದೆ.”

ಹುಡುಗಿ ಕಣ್ಣೊರೆಸಿಕೊಂಡು ಬಗ್ಗಿದಳು. ಒಂದು. ಎರಡು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಸಾಲಿನಲ್ಲಿರಲಿಲ್ಲ. ಅದು ಎದುರಿನ ಮೂಲೆಯಲ್ಲಿ, ನೀರಿನ ಬಟ್ಟಲಿನ ನೆರಳಿನಲ್ಲಿ ಗೋಡೆಗೆ ಆನಿಸಿಕೊಂಡು ಕೂತಿತ್ತು. ಅದರ ಬಾಯಿಗೆ ಬಾಗಿಲಿನಂತೆ ಅಡ್ಡ ನಿಂತಿತ್ತು ಒಂದು ಇಕ್ಕಳ. ಮೊದಲಿಗಿಂತ ದೊಡ್ಡದು, ಆಗಷ್ಟೇ ತೊಳೆದು ತೆಗೆದಂಥ ನೇರಳೆ. ನೋಡುತ್ತಿದ್ದಂತೆ ಅದರ ಪಕ್ಕದಿಂದ ಸಾಸಿವೆ ಕಾಳಿನಷ್ಟು ಎರಡು ಕಣ್ಣು ಹೊರಬಂದು, ಇಬ್ಬರನ್ನೂ ನೋಡಿ, ಮತ್ತೆ ಒಳಗೆ ಹೋದವು.

“ಮನೆ ಬದಲಾಯಿಸಿದಾರೆ,” ಎಂದಳು ಹುಡುಗಿ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಚಿಕ್ಕಿ ಕೇಳಿರಲಿಲ್ಲ. “ದೊಡ್ಡ ಮನೆ.”

“ಏನಾಯ್ತು? ಸತ್ತು ಹೋಯ್ತಾ?” ಬಾಯ್ಲರಪ್ಪ ಕೈಯೊರೆಸುತ್ತ ಬಂದ.

“ಸತ್ತು ಹೋಯ್ತಾ ಅಲ್ಲ ತಾತ, ಸತ್ತು ಹೋದ್ರಾ ಅನ್ನಬೇಕು. ಸತ್ತಿಲ್ಲ.”

ಅವನು ಇಣುಕಿ ನೋಡಿ, ಬುಸ್ಸೆಂದು, ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ವಾಪಸ್ ಹೋದ. ಮೇಜಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಚಿಕ್ಕಿ ಚಾದರದ ಗಂಟಿನ ಮೇಲೆ ಕೂತುಬಿಟ್ಟಳು. ಖುಷಿಪಡಬೇಕೆಂದು ಗೊತ್ತಿತ್ತು; ಖುಷಿ ಎಲ್ಲೋ ದೂರದಲ್ಲಿ, ಇಡೀ ದಿನದ ಕೆಲಸದ ಆಚೆ ದಡದಲ್ಲಿ ನಿಂತಿತ್ತು. ಚಪ್ಪಲಿ ಕಳಚಿ, ಬರಿಗಾಲನ್ನು ತಣ್ಣನೆಯ ನೆಲಕ್ಕೆ ಊರಿದಳು. ಇನ್ನೂ ನೂರಿಪ್ಪತ್ತು ಚಾದರ ಬಾಕಿ ಇತ್ತು.

ಹುಡುಗಿ ಬಂದು ಎದುರಿಗೆ ನಿಂತಳು. ಸ್ವಲ್ಪ ಹೊತ್ತು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಆಮೇಲೆ ಅದನ್ನು ಚಿಕ್ಕಿಯ ಮಡಿಲಿಗೆ ಇಟ್ಟಳು.

“ಇವತ್ತಿನ ಮಳೆ ನೀನು ಬರಿಸು.”

ಚಿಕ್ಕಿ ತಲೆಯೆತ್ತಿ ನೋಡಿದಳು.

“ಜಾಸ್ತಿ ಬೇಡ,” ಎಂದಳು ಹುಡುಗಿ. “ನಾನು ಪಕ್ಕದಲ್ಲೇ ನಿಂತು ನೋಡ್ತಿರ್ತೀನಿ. ಗುಡುಗು ಬೇಕಾದ್ರೆ ನಾನು ಹೊಡೀತೀನಿ.”

ಚಿಕ್ಕಿ ಬಾಟಲಿ ಹಿಡಿದು, ಇನ್ನೊಂದು ಕೈಯನ್ನು ಗಂಟಿಗೂರಿ ಮೇಲೆದ್ದಳು. ಮಂಡಿ ಎರಡೂ ಲಟಲಟ ಎಂದವು. ಬರಿಗಾಲಲ್ಲೇ ಹಲಗೆಯವರೆಗೆ ನಡೆದು, ಬಾಟಲಿಯನ್ನು ಎತ್ತಿ ಹಿಡಿದು, ಹುಡುಗಿಯ ಬಾಯಿಂದ ಗುಡುಗು ಬರಲೆಂದು ಕಾದಳು.